ಲಿನಕ್ಸ್‌ನಲ್ಲಿ ಪ್ರಿಂಟರ್ ನೋಡಿಕೊಳ್ಳಲು ಯಾವ ಗುಂಪಿನಲ್ಲಿರಬೇಕು? ಎಲ್‌ಪಿ, ಎಲ್‌ಪಿಅಡ್ಮಿನ್ ಗೊಂದಲಕ್ಕೆ ಹಂತ ಹಂತದ ಉತ್ತರ

"ಪ್ರಿಂಟ್ ಏನೋ ಬರುತ್ತೆ, ಆದ್ರೆ ಹೊಸ ಪ್ರಿಂಟರ್ ಸೇರಿಸೋಕೆ ಹೋದ್ರೆ ಪಾಸ್‌ವರ್ಡ್ ಕೇಳುತ್ತೆ." "ಪೇಪರ್ ಸಿಕ್ಕಿಹಾಕಿಕೊಂಡಿದ್ದನ್ನು ತೆಗೆದೆ, ಆದ್ರೂ ಪ್ರಿಂಟರ್ ನಿಂತೇ ಇದೆ, ಶುರು ಮಾಡೋಕೆ ನನಗೆ ಬಿಡ್ತಿಲ್ಲ." "ಬ್ರೌಸರ್‌ನಲ್ಲಿ ಫರ್ಬಿಡನ್ ಅಂತ ಬರುತ್ತೆ." ಕೇಳುವವರು ಬೇರೆ ಬೇರೆ, ಉತ್ತರ ಮಾತ್ರ ಒಂದೇ. ಕೇಳಿದ ಯೂಸರ್ ಸರಿಯಾದ ಗುಂಪಿನಲ್ಲಿ ಇಲ್ಲ. ಲಿನಕ್ಸ್‌ನಲ್ಲಿ ಗುಂಪು ಎಂದರೆ ಒಂದೇ ಅನುಮತಿ ಹಂಚಿಕೊಳ್ಳುವ ಯೂಸರ್‌ಗಳ ಪಟ್ಟಿ. ಪ್ರತಿ ಸಲ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಪೂರ್ತಿ ವಿಷಯ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಉದಾಹರಣೆಗಳು ಉಬುಂಟು ಮತ್ತು ಡೆಬಿಯನ್‌ಗೆ ಹೊಂದುತ್ತವೆ. ಲಿನಕ್ಸ್ ಮಿಂಟ್ ಕೂಡ ಇದೇ ಮನೆತನ, ಹಾಗಾಗಿ ಅಲ್ಲೂ ನಡೆಯುತ್ತದೆ. ಬೇರೆ ಕಡೆ ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ಹೇಳುತ್ತೇನೆ.

ಓದುವ ಮೊದಲು ಒಂದು ಮಾತು. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಹೊಡೆಯುವ ಕಿಟಕಿಯಲ್ಲಿ, ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ಸ್ಪೇಸ್, ಅಡ್ಡಗೆರೆ, ಓರೆಗೆರೆ ಇಲ್ಲಿ ಎಲ್ಲೆಲ್ಲಿ ಇವೆಯೋ ಅಲ್ಲಲ್ಲೇ ಇರಲಿ. ನಾನು ಬೇರೆ ಹೇಳದಿದ್ದರೆ ಕಮಾಂಡ್‌ನ ಅಕ್ಷರಗಳೆಲ್ಲ ಸಣ್ಣವು.

ಪ್ರಿಂಟ್ ಕೊಡಲು ಯಾವ ಗುಂಪೂ ಬೇಡ

ಅರ್ಧ ಗೊಂದಲ ಇಲ್ಲೇ ಹುಟ್ಟುವುದು. ಲಿನಕ್ಸ್‌ನಲ್ಲಿ ಪ್ರಿಂಟಿಂಗ್ ನೋಡಿಕೊಳ್ಳುವುದು ಕಪ್ಸ್ ಎಂಬ ಸಾಫ್ಟ್‌ವೇರ್. ಮೈಕೇಲ್ ಸ್ವೀಟ್ ಇದನ್ನು 1997ರಲ್ಲಿ ಬರೆಯಲು ಶುರು ಮಾಡಿದರು, 1999ರಲ್ಲಿ ಮೊದಲ ಆವೃತ್ತಿ ಹೊರಬಂತು. ಮ್ಯಾಕ್ ಕಂಪ್ಯೂಟರ್‌ಗಳೂ ಇದನ್ನೇ ಬಳಸುತ್ತವೆ. ಹಿನ್ನೆಲೆಯಲ್ಲಿ ಸದಾ ಓಡುತ್ತಾ, ನೀವು ಕೊಟ್ಟ ಪ್ರಿಂಟನ್ನು ಸಾಲಿನಲ್ಲಿ ನಿಲ್ಲಿಸಿ, ಒಂದೊಂದಾಗಿ ಪ್ರಿಂಟರ್‌ಗೆ ಕಳಿಸುವುದು ಇದರ ಕೆಲಸ. ಆ ಸಾಲಿಗೆ ಕ್ಯೂ ಅನ್ನುತ್ತಾರೆ, ಸಾಲಿನಲ್ಲಿ ನಿಂತ ಒಂದೊಂದು ಪ್ರಿಂಟಿಗೂ ಜಾಬ್ ಅನ್ನುತ್ತಾರೆ.

ಯಾರು ಬೇಕಾದರೂ ಕ್ಯೂನಲ್ಲಿ ಜಾಬ್ ಹಾಕಬಹುದು. ತಮ್ಮ ಜಾಬನ್ನು ತಾವೇ ರದ್ದು ಮಾಡಬಹುದು. ಇದಕ್ಕೆ ಯಾವ ಗುಂಪಿಗೂ ಸೇರಬೇಕಾಗಿಲ್ಲ. "ಪ್ರಿಂಟ್ ಬರ್ತಿಲ್ಲ, ಎಲ್‌ಪಿಅಡ್ಮಿನ್‌ಗೆ ಸೇರಿಸಿ" ಎಂದು ಯಾರಾದರೂ ಹೇಳಿದರೆ ಆ ಸಲಹೆ ಬಿಟ್ಟುಬಿಡಿ. ತೊಂದರೆ ಡ್ರೈವರ್‌ನಲ್ಲೋ ಕೇಬಲ್‌ನಲ್ಲೋ ಇರುತ್ತದೆ.

ಗುಂಪು ಬೇಕಾಗುವುದು ಉಸ್ತುವಾರಿಗೆ. ಪ್ರಿಂಟರ್ ಸೇರಿಸುವುದು, ತೆಗೆಯುವುದು, ಸೆಟ್ಟಿಂಗ್ ಬದಲಿಸುವುದು, ನಿಂತ ಪ್ರಿಂಟರ್ ಶುರು ಮಾಡುವುದು, ಬೇರೆಯವರ ಜಾಬ್ ಕಿತ್ತುಹಾಕುವುದು, ಇಷ್ಟಕ್ಕೆ.

ಈಗ ಎರಡು ಗುಂಪುಗಳ ಪರಿಚಯ. ಹೆಸರು ಅಕ್ಕತಂಗಿಯರ ಹಾಗಿದ್ದರೂ ಕೆಲಸ ಪೂರ್ತಿ ಬೇರೆ.

ಎಲ್‌ಪಿಅಡ್ಮಿನ್ ಗುಂಪು: ಮೇಲೆ ಹೇಳಿದ ಉಸ್ತುವಾರಿಯೆಲ್ಲ ಮಾಡಬಲ್ಲವರ ಗುಂಪು. ಕಪ್ಸ್ ಇನ್‌ಸ್ಟಾಲ್ ಆದಾಗ ತಾನಾಗಿ ಹುಟ್ಟುತ್ತದೆ. ನಿಮಗೆ ಬೇಕಾದದ್ದು ಸಾಮಾನ್ಯವಾಗಿ ಇದೇ.

ಎಲ್‌ಪಿ ಗುಂಪು: ಇದು ಹಳೆಯ ಯುನಿಕ್ಸ್ ಕಾಲದ್ದು, ಲೈನ್ ಪ್ರಿಂಟರ್ ಎಂಬುದರ ಚುಟುಕು. ಯುಎಸ್‌ಬಿ ಪ್ರಿಂಟರ್ ಚುಚ್ಚಿದಾಗ ಮೂಡುವ /ಡೆವ್/ಯುಎಸ್‌ಬಿ/ಎಲ್‌ಪಿ0 ಎಂಬ ಡಿವೈಸ್ ಫೈಲ್‌ಗೆ ನೇರವಾಗಿ ಬರೆಯುವ ಅನುಮತಿ ಈ ಗುಂಪಿಗಿದೆ. ಕಪ್ಸ್‌ನ ಫಿಲ್ಟರ್‌ಗಳು, ಅಂದರೆ ನಿಮ್ಮ ಪಿಡಿಎಫ್ಅನ್ನು ಪ್ರಿಂಟರ್‌ಗೆ ಅರ್ಥವಾಗುವ ಭಾಷೆಗೆ ತಿರುಗಿಸುವ ಪುಟ್ಟ ಪ್ರೋಗ್ರಾಂಗಳು, ಓಡುವುದೂ ಈ ಗುಂಪಿನ ಹೆಸರಿನಲ್ಲೇ.

"ಎರಡಕ್ಕೂ ಸೇರಿಸಿಬಿಡೋಣ, ಇರಲಿ" ಎನ್ನುವವರೇ ಜಾಸ್ತಿ. ಬೇಡ. ಎಲ್ಲರ ಜಾಬ್‌ಗಳೂ /ವಾರ್/ಸ್ಪೂಲ್/ಕಪ್ಸ್ ಫೋಲ್ಡರ್‌ನಲ್ಲಿ ಕಾಯುತ್ತಾ ಕೂತಿರುತ್ತವೆ. ಆ ಫೋಲ್ಡರ್‌ನ ಗುಂಪು ಎಲ್‌ಪಿ. ಆ ಗುಂಪಿನಲ್ಲಿದ್ದವರು ಫೈಲಿನ ಹೆಸರು ಊಹಿಸಿದರೆ ಬೇರೆಯವರ ದಾಖಲೆ ತೆರೆಯುವ ದಾರಿ ಸಿಕ್ಕೀತು. ಹೆಸರೋ, ಬರೀ ಕ್ರಮಸಂಖ್ಯೆ. ಸಂಬಳದ ಸ್ಲಿಪ್, ಪ್ರಶ್ನೆಪತ್ರಿಕೆ ಇಂಥವು ಪ್ರಿಂಟ್ ಆಗುವ ಜಾಗದಲ್ಲಿ ಇದು ಸಣ್ಣ ಮಾತಲ್ಲ.

ಹಾಗಾದರೆ ಎಲ್‌ಪಿ ಗುಂಪು ಯಾರಿಗೂ ಬೇಡವೇ? ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಕೆಲವೊಮ್ಮೆ ಕಪ್ಸ್ ಮುಟ್ಟುವುದೇ ಇಲ್ಲ. ಥರ್ಮಲ್ ರಸೀದಿ ಪ್ರಿಂಟರ್‌ಗೋ ಡಾಟ್ ಮ್ಯಾಟ್ರಿಕ್ಸ್‌ಗೋ ನೇರವಾಗಿ ಅಕ್ಷರ ಸುರಿಯುತ್ತದೆ. ಅಂಥ ಸಾಫ್ಟ್‌ವೇರ್ ಓಡಿಸುವ ಯೂಸರ್‌ಗೆ ಎಲ್‌ಪಿ ಬೇಕು, ಎಲ್‌ಪಿಅಡ್ಮಿನ್ ಬೇಡ. ನಾನು ಕಂಡಂತೆ ಇದೊಂದೇ ಗಟ್ಟಿ ಕಾರಣ.

ಇನ್ನೊಂದು ಗೊಂದಲ ಬಾಕಿ ಇದೆ. ಎಲ್‌ಪಿಅಡ್ಮಿನ್ ಎಂಬ ಹೆಸರಿನ ಕಮಾಂಡ್ ಕೂಡ ಇದೆ! ಪ್ರಿಂಟರ್ ಸೇರಿಸಲು, ತೆಗೆಯಲು ಬಳಸುವುದು ಅದನ್ನೇ. ಗುಂಪು ಬೇರೆ, ಕಮಾಂಡ್ ಬೇರೆ. ಕೆಳಗೆ ಯಾವುದರ ಬಗ್ಗೆ ಹೇಳುತ್ತಿದ್ದೇನೆ ಎಂದು ಸ್ಪಷ್ಟವಾಗಿ ಬರೆಯುತ್ತೇನೆ.

ಬೇಕಾಗುವುದು ಏನು

ಸುಡೊ ಅಧಿಕಾರ ಇರುವ ಒಂದು ಅಕೌಂಟ್. ಸುಡೊ ಎಂದರೆ ಸಿಸ್ಟಮ್‌ನ ಯಜಮಾನ ರೂಟ್‌ನ ಹೆಸರಿನಲ್ಲಿ ಕಮಾಂಡ್ ಓಡಿಸುವ ಪರವಾನಗಿ. ಯಾರಿಗೆ ಅನುಮತಿ ಕೊಡಬೇಕೋ ಅವರ ಯೂಸರ್ ಹೆಸರು. ಒಂದು ಹತ್ತು ನಿಮಿಷ. ಇಷ್ಟೇ. ಇಲ್ಲಿ ಯೂಸರ್ ಹೆಸರು ಸವಿತಾ, ಪ್ರಿಂಟರ್ ಹೆಸರು ಆಫೀಸ್ ಎಂದು ಇಟ್ಟುಕೊಳ್ಳೋಣ.

ಹಂತ 1: ಈಗ ಯಾರು ಎಲ್ಲಿದ್ದಾರೆ ನೋಡಿ

ಟರ್ಮಿನಲ್ ತೆರೆದು ಹೀಗೆ ಹೊಡೆಯಿರಿ:

ಐಡಿ -ಎನ್‌ಜಿ ಸವಿತಾ

ಇಲ್ಲಿ ಎನ್ ಸಣ್ಣಕ್ಷರ, ಜಿ ದೊಡ್ಡಕ್ಷರ. ಸವಿತಾ ಯಾವ್ಯಾವ ಗುಂಪಿನಲ್ಲಿದ್ದಾರೆ ಎಂಬ ಪಟ್ಟಿ ಒಂದೇ ಸಾಲಿನಲ್ಲಿ ಬರುತ್ತದೆ. ಉಬುಂಟು ಇನ್‌ಸ್ಟಾಲ್ ಮಾಡುವಾಗ ಸೃಷ್ಟಿಯಾದ ಮೊದಲ ಯೂಸರ್ ಆದರೆ ಎಡಿಎಂ, ಸಿಡಿರಾಮ್, ಸುಡೊ, ಡಿಪ್, ಪ್ಲಗ್‌ಡೆವ್, ಎಲ್‌ಪಿಅಡ್ಮಿನ್ ಎಂದೆಲ್ಲ ಕಾಣುತ್ತದೆ. ಆ ಮೊದಲ ಯೂಸರ್‌ಗೆ ಪ್ರಿಂಟರ್ ಉಸ್ತುವಾರಿ ಹುಟ್ಟಿನಿಂದಲೇ ಬಂದಿರುತ್ತದೆ. ಆಮೇಲೆ ಸ್ಟ್ಯಾಂಡರ್ಡ್ ಯೂಸರ್ ಎಂದು ಸೇರಿಸಿದವರಿಗೆ ಬಂದಿರುವುದಿಲ್ಲ. "ನನ್ನ ಅಕೌಂಟ್‌ನಲ್ಲಿ ಆಗುತ್ತೆ, ಅವರ ಅಕೌಂಟ್‌ನಲ್ಲಿ ಯಾಕೆ ಆಗಲ್ಲ?" ಎಂಬ ಪ್ರಶ್ನೆಗೆ ಉತ್ತರ ಇಷ್ಟೇ.

ತಿರುಗಾಮುರುಗಾ ನೋಡಬೇಕೆಂದರೆ, ಅಂದರೆ ಗುಂಪಿನಲ್ಲಿ ಯಾರ್ಯಾರಿದ್ದಾರೆ ಎಂದು ತಿಳಿಯಲು:

ಗೆಟ್‌ಎಂಟ್ ಗ್ರೂಪ್ ಎಲ್‌ಪಿಅಡ್ಮಿನ್

ಕೊನೆಯ ಕೋಲನ್ ಚಿಹ್ನೆಯ ನಂತರ ಇರುವ ಹೆಸರುಗಳೇ ಸದಸ್ಯರು. ಏನೂ ಉತ್ತರ ಬರದೆ ಸುಮ್ನೆ ಮುಂದಿನ ಸಾಲಿಗೆ ಹೋದರೆ ಆ ಹೆಸರಿನ ಗುಂಪೇ ನಿಮ್ಮ ಸಿಸ್ಟಮ್‌ನಲ್ಲಿ ಇಲ್ಲ. ಹಾಗಿದ್ದರೆ ಮುಂದಿನ ಹಂತ ತಪ್ಪಿಸಬೇಡಿ.

ಹಂತ 2: ನಿಮ್ಮ ಸಿಸ್ಟಮ್ ಯಾವ ಗುಂಪನ್ನು ಅಡ್ಮಿನ್ ಅನ್ನುತ್ತದೆ?

ಎಲ್‌ಪಿಅಡ್ಮಿನ್ ಎಂಬ ಹೆಸರಿನಲ್ಲಿ ಮಂತ್ರವೇನೂ ಇಲ್ಲ. ಯಾವ ಗುಂಪಿಗೆ ಅಧಿಕಾರ ಎಂಬುದನ್ನು ಒಂದು ಫೈಲಿನ ಒಂದು ಸಾಲು ತೀರ್ಮಾನಿಸುತ್ತದೆ. ಆ ಸಾಲು ನೋಡೋಣ:

ಸುಡೊ ಗ್ರೆಪ್ ಸಿಸ್ಟಮ್‌ಗ್ರೂಪ್ /ಇಟಿಸಿ/ಕಪ್ಸ್/ಕಪ್ಸ್-ಫೈಲ್ಸ್.ಕಾನ್ಫ್

ಸಿಸ್ಟಮ್‌ಗ್ರೂಪ್ ಎಂಬಲ್ಲಿ ಎಸ್ ಮತ್ತು ಜಿ ದೊಡ್ಡಕ್ಷರ, ನಡುವೆ ಸ್ಪೇಸ್ ಇಲ್ಲ. ಉಬುಂಟು, ಡೆಬಿಯನ್‌ನಲ್ಲಿ ಉತ್ತರವಾಗಿ ಸಿಸ್ಟಮ್‌ಗ್ರೂಪ್ ಎಲ್‌ಪಿಅಡ್ಮಿನ್ ಎಂದು ಬರುತ್ತದೆ. ಆರ್ಚ್ ಲಿನಕ್ಸ್‌ನಲ್ಲಿ ಸಿಸ್, ರೂಟ್, ವೀಲ್ ಎಂಬ ಮೂರು ಗುಂಪು ಕಾಣುತ್ತವೆ. ಅಲ್ಲಿ ಎಲ್‌ಪಿಅಡ್ಮಿನ್ ಹುಡುಕುತ್ತಾ ಕೂತರೆ ಸಂಜೆಯಾಗುತ್ತದೆ. ಫೆಡೋರಾ ಇರಲಿ, ಮತ್ತೊಂದು ಇರಲಿ, ಈ ಸಾಲಿನಲ್ಲಿ ಯಾವ ಹೆಸರಿದೆಯೋ ಅದೇ ನಿಮ್ಮ ಪಾಲಿನ ಎಲ್‌ಪಿಅಡ್ಮಿನ್. ಮುಂದಿನ ಹಂತದಲ್ಲಿ ಆ ಹೆಸರನ್ನೇ ಬಳಸಿ. ಆದರೆ ವೀಲ್ ಎಂದಿದ್ದರೆ ಹುಷಾರು. ಹಲವು ಸಿಸ್ಟಮ್‌ಗಳಲ್ಲಿ ಸುಡೊ ಅಧಿಕಾರವೂ ಆ ಗುಂಪಿಗೇ ಇರುತ್ತದೆ. ಪ್ರಿಂಟರ್ ಕೊಡಲು ಹೋಗಿ ಇಡೀ ಕಂಪ್ಯೂಟರ್ ಬರೆದುಕೊಟ್ಟ ಹಾಗಾಗುತ್ತದೆ. ಅಲ್ಲಿ ಹೊಸ ಗುಂಪೊಂದನ್ನು ಮಾಡಿ ಆ ಸಾಲಿನ ಕೊನೆಗೆ ಸೇರಿಸುವುದು ಒಳ್ಳೆಯದು. ಗುಂಪುಗಳ ನಡುವೆ ಒಂದು ಸ್ಪೇಸ್ ಸಾಕು.

ಇಲ್ಲೊಂದು ಗುಂಡಿ ಇದೆ, ಬೀಳುವವರು ಬಹಳ. ಈ ಸಾಲಿಗೆ ಎಲ್‌ಪಿ ಗುಂಪನ್ನು ಸೇರಿಸಬೇಡಿ. ಅದೇ ಫೈಲಿನಲ್ಲಿ ಗ್ರೂಪ್ ಎಂಬ ಬೇರೆ ಸಾಲಿದೆ, ಫಿಲ್ಟರ್‌ಗಳು ಯಾವ ಗುಂಪಿನಲ್ಲಿ ಓಡಬೇಕು ಎಂದು ಹೇಳುವುದು ಅದು. ಅಲ್ಲಿರುವ ಹೆಸರು ಸಿಸ್ಟಮ್‌ಗ್ರೂಪ್ ಸಾಲಿನಲ್ಲಿ ಇರಕೂಡದು. ಇದ್ದರೆ ಕಪ್ಸ್ ಶುರುವಾಗಲು ಒಪ್ಪುವುದಿಲ್ಲ. ಕಾರಣವೂ ನ್ಯಾಯವಾದದ್ದೇ. ಯಾರೋ ಕಳಿಸಿದ ಕೆಟ್ಟ ಪಿಡಿಎಫ್ ಒಂದು ಫಿಲ್ಟರ್‌ಅನ್ನು ಹಿಡಿತಕ್ಕೆ ತೆಗೆದುಕೊಂಡಿತು ಅಂದುಕೊಳ್ಳಿ. ಆ ಫಿಲ್ಟರ್‌ಗೆ ಪ್ರಿಂಟರ್ ಅಡ್ಮಿನ್ ಅಧಿಕಾರವೂ ಇದ್ದರೆ ಗತಿ ಏನು?

ಹಂತ 3: ಗುಂಪಿಗೆ ಸೇರಿಸಿ

ಸುಡೊ ಯೂಸರ್‌ಮಾಡ್ -ಎಜಿ ಎಲ್‌ಪಿಅಡ್ಮಿನ್ ಸವಿತಾ

ಎ ಸಣ್ಣಕ್ಷರ, ಜಿ ದೊಡ್ಡಕ್ಷರ. ಮೊದಲು ಗುಂಪಿನ ಹೆಸರು, ಆಮೇಲೆ ಯೂಸರ್ ಹೆಸರು.

ಆ ಸಣ್ಣ ಎ ಅಕ್ಷರದ ಬಗ್ಗೆ ನಿಂತು ಎರಡು ಮಾತು ಹೇಳಲೇಬೇಕು. ಎ ಎಂದರೆ "ಇರುವುದರ ಜೊತೆಗೆ ಸೇರಿಸು". ಅದನ್ನು ಬಿಟ್ಟು ಬರೀ -ಜಿ ಎಂದು ಹೊಡೆದರೆ ಅರ್ಥವೇ ತಿರುಗುತ್ತದೆ: "ಹೆಚ್ಚುವರಿ ಗುಂಪುಗಳನ್ನೆಲ್ಲ ಕಿತ್ತುಹಾಕಿ ಇದೊಂದನ್ನೇ ಇಡು". ಸುಡೊ ಗುಂಪೂ ಹೋಗುತ್ತದೆ. ಕಮಾಂಡ್ ಎಚ್ಚರಿಕೆ ಕೊಡುವುದಿಲ್ಲ, ಎರರ್ ತೋರಿಸುವುದಿಲ್ಲ, ಸದ್ದಿಲ್ಲದೆ ಮುಗಿಸುತ್ತದೆ. ನಾನೇ ಒಮ್ಮೆ ಸಂಜೆ ಹೊರಡುವ ಅವಸರದಲ್ಲಿ ಹೀಗೆ ಮಾಡಿ, ನನ್ನ ಅಕೌಂಟ್‌ನ ಸುಡೊ ನಾನೇ ಕಳೆದುಕೊಂಡು, ಮರುದಿನ ಬೆಳಗ್ಗೆ ಪೆದ್ದು ಮುಖ ಹೊತ್ತು ಕೂತಿದ್ದೆ.

ಹಾಗಾದರೆ ಸರಿಮಾಡುವುದು ಹೇಗೆ? ಇನ್ನೂ ಲಾಗ್‌ಔಟ್ ಆಗಿಲ್ಲದಿದ್ದರೆ ಆ ಟರ್ಮಿನಲ್ ಮುಚ್ಚಬೇಡಿ. ಲಾಗಿನ್ ಆದಾಗ ಸಿಕ್ಕ ಗುಂಪುಗಳು ಆ ಲಾಗಿನ್ ಮುಗಿಯುವವರೆಗೆ ಜೊತೆಗಿರುತ್ತವೆ, ಹಾಗಾಗಿ ಸಾಮಾನ್ಯವಾಗಿ ಸುಡೊ ಅಲ್ಲಿ ಇನ್ನೂ ನಡೆಯುತ್ತದೆ. ಅಲ್ಲೇ ಸುಡೊ, ಎಡಿಎಂ ಮುಂತಾದ ಗುಂಪುಗಳನ್ನು -ಎಜಿ ಹಾಕಿ ವಾಪಸ್ ಸೇರಿಸಿ. ಗುಂಪುಗಳ ನಡುವೆ ಅಲ್ಪವಿರಾಮ ಹಾಕಿ, ಸ್ಪೇಸ್ ಬೇಡ. ಲಾಗ್‌ಔಟ್ ಆಗಿಬಿಟ್ಟಿದ್ದರೆ ಕಂಪ್ಯೂಟರ್ ಮರುಚಾಲೂ ಮಾಡಿ, ಬೂಟ್ ಮೆನುವಿನ ಅಡ್ವಾನ್ಸ್ಡ್ ಆಯ್ಕೆಯಿಂದ ರಿಕವರಿ ಮೋಡ್‌ಗೆ ಹೋಗಿ, ರೂಟ್ ಶೆಲ್‌ನಲ್ಲಿ ಅದೇ ಕಮಾಂಡ್ ಹೊಡೆಯಬೇಕು. ಹಂತ 1ರಲ್ಲಿ ಬಂದ ಗುಂಪುಗಳ ಪಟ್ಟಿಯನ್ನು ಮೊದಲೇ ಒಂದು ಫೋಟೋ ಹೊಡೆದಿಟ್ಟುಕೊಂಡಿದ್ದರೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ಇಷ್ಟೆಲ್ಲ ಭಯ ಬೇಡ ಅನ್ನಿಸಿದರೆ ಉಬುಂಟು, ಡೆಬಿಯನ್‌ನಲ್ಲಿ ಸಾಧು ಸ್ವಭಾವದ ಕಮಾಂಡ್ ಇನ್ನೊಂದಿದೆ:

ಸುಡೊ ಆಡ್‌ಯೂಸರ್ ಸವಿತಾ ಎಲ್‌ಪಿಅಡ್ಮಿನ್

ಇಲ್ಲಿ ಯೂಸರ್ ಹೆಸರು ಮೊದಲು, ಗುಂಪು ಆಮೇಲೆ. ಇದು ಬೇರೆ ಗುಂಪುಗಳನ್ನು ಮುಟ್ಟುವುದೇ ಇಲ್ಲ. ನಾನೀಗ ಇದನ್ನೇ ಬಳಸುತ್ತೇನೆ.

ಡೆಬಿಯನ್‌ನಲ್ಲಿ "ಕಮಾಂಡ್ ನಾಟ್ ಫೌಂಡ್" ಎಂದು ಬಂದರೆ ಗಾಬರಿ ಬೇಡ. ಎಸ್‌ಯು ಎಂದಷ್ಟೇ ಹೊಡೆದು ರೂಟ್ ಆಗಿರುತ್ತೀರಿ. ಆಗ /ಯುಎಸ್‌ಆರ್/ಎಸ್‌ಬಿನ್ ಫೋಲ್ಡರ್ ಹುಡುಕುವ ದಾರಿಯಲ್ಲಿ ಇರುವುದಿಲ್ಲ, ಈ ಕಮಾಂಡ್‌ಗಳು ಇರುವುದೋ ಅಲ್ಲೇ. ಎಸ್‌ಯು ಆದಮೇಲೆ ಒಂದು ಸ್ಪೇಸ್, ಒಂದು ಅಡ್ಡಗೆರೆ ಹಾಕಿ ಮತ್ತೆ ರೂಟ್ ಆಗಿ.

ಹಂತ 4: ಲಾಗ್‌ಔಟ್ ಆಗಿ ಒಳಗೆ ಬನ್ನಿ

"ಸೇರಿಸಿದೆ, ಆದ್ರೂ ಆಗ್ತಿಲ್ಲ" ಎನ್ನುವವರಲ್ಲಿ ಬಹಳ ಜನ ಇಲ್ಲೇ ಸಿಕ್ಕಿಬಿದ್ದಿರುತ್ತಾರೆ. ಹೊಸ ಗುಂಪು ಹೊಸ ಲಾಗಿನ್‌ಗೆ ಮಾತ್ರ ಅನ್ವಯ. ಟರ್ಮಿನಲ್ ಮುಚ್ಚಿ ತೆರೆದರೆ ಸಾಲದು, ಡೆಸ್ಕ್‌ಟಾಪ್‌ನಿಂದಲೇ ಪೂರ್ತಿ ಹೊರಬರಬೇಕು. ಸ್ಕ್ರೀನ್ ಲಾಕ್ ಮಾಡಿ ತೆರೆಯುವುದು ಲಾಗ್‌ಔಟ್ ಅಲ್ಲ, ಅದೂ ನೆನಪಿರಲಿ.

ಒಳಗೆ ಬಂದ ಮೇಲೆ ಸವಿತಾ ತಮ್ಮ ಟರ್ಮಿನಲ್‌ನಲ್ಲಿ ಐಡಿ -ಎನ್‌ಜಿ ಎಂದು ಹೆಸರಿಲ್ಲದೆ ಹೊಡೆಯಲಿ. ಹೆಸರು ಕೊಟ್ಟರೆ ಫೈಲಿನಲ್ಲಿ ಬರೆದಿರುವುದು ಕಾಣುತ್ತದೆ, ಕೊಡದಿದ್ದರೆ ಈಗಿನ ಲಾಗಿನ್‌ಗೆ ನಿಜಕ್ಕೂ ಸಿಕ್ಕಿರುವುದು ಕಾಣುತ್ತದೆ. ಎರಡೂ ಒಂದೇ ಆಗಿದ್ದರೆ ಮುಂದೆ ಹೋಗಬಹುದು.

ಹಂತ 5: ಬ್ರೌಸರ್‌ನಲ್ಲಿ ಪರೀಕ್ಷೆ

ಸವಿತಾ ಲಾಗಿನ್‌ನಲ್ಲೇ ಬ್ರೌಸರ್ ತೆರೆದು ಲೋಕಲ್‌ಹೋಸ್ಟ್:631 ಎಂದು ವಿಳಾಸ ಕೊಡಿ. 631 ಎಂಬುದು ಕಪ್ಸ್‌ನ ಬಾಗಿಲ ಸಂಖ್ಯೆ, ಪೋರ್ಟ್ ಅನ್ನುತ್ತಾರೆ. ಅಡ್ಮಿನಿಸ್ಟ್ರೇಶನ್ ಪುಟಕ್ಕೆ ಹೋಗಿ ಆಡ್ ಪ್ರಿಂಟರ್ ಒತ್ತಿ. ಸರ್ಟಿಫಿಕೇಟ್ ಬಗ್ಗೆ ಬ್ರೌಸರ್ ಎಚ್ಚರಿಸಬಹುದು. ಆ ಸರ್ಟಿಫಿಕೇಟನ್ನು ನಿಮ್ಮ ಕಂಪ್ಯೂಟರ್ ತಾನೇ ಬರೆದುಕೊಂಡಿದೆ, ಅದಕ್ಕೇ ಆ ಎಚ್ಚರಿಕೆ. ವಿಳಾಸ ಲೋಕಲ್‌ಹೋಸ್ಟ್ ಆಗಿದ್ದರೆ ಮುಂದುವರಿಯಿರಿ.

ಯೂಸರ್ ಹೆಸರು, ಪಾಸ್‌ವರ್ಡ್ ಕೇಳಿದಾಗ ಸವಿತಾ ತಮ್ಮದನ್ನೇ ಕೊಡಬೇಕು. ರೂಟ್ ಎಂದು ಹಾಕಬೇಡಿ. ಉಬುಂಟುವಿನಲ್ಲಿ ರೂಟ್‌ಗೆ ಪಾಸ್‌ವರ್ಡೇ ಇರುವುದಿಲ್ಲ, ಎಷ್ಟು ಸಲ ಹೊಡೆದರೂ ಒಳಗೆ ಬಿಡುವುದಿಲ್ಲ. ಇನ್ನೊಂದು ವಿಚಿತ್ರ ಗಮನಿಸಿ. ನಿಮಗೆ ಸುಡೊ ಇದ್ದು ಎಲ್‌ಪಿಅಡ್ಮಿನ್ ಇಲ್ಲದಿದ್ದರೆ, ಟರ್ಮಿನಲ್‌ನಲ್ಲಿ ಸುಡೊ ಹಾಕಿ ಎಲ್ಲ ಮಾಡಬಹುದು, ಈ ಪುಟದಲ್ಲಿ ಮಾತ್ರ ಫರ್ಬಿಡನ್! ಕಪ್ಸ್‌ಗೆ ಸುಡೊ ಗೊತ್ತಿಲ್ಲ, ಸಿಸ್ಟಮ್‌ಗ್ರೂಪ್ ಸಾಲು ಮಾತ್ರ ಗೊತ್ತು.

ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ಸ್ ಪುಟ ತೆರೆದಾಗ ಅನ್‌ಲಾಕ್ ಎಂಬ ಬಟನ್ ಕಾಣುತ್ತದೆಯಲ್ಲ, ಅಲ್ಲಿ ಪಾಲಿಸಿಕಿಟ್ ಎಂಬ ಬೇರೊಬ್ಬ ಕಾವಲುಗಾರ ನಡುವೆ ನಿಂತಿರುತ್ತಾನೆ. ಅವನು ಕೇಳುವುದು ಅಡ್ಮಿನ್ ಅಕೌಂಟ್‌ನ ಪಾಸ್‌ವರ್ಡ್. ಹಾಗಾಗಿ ಗುಂಪು ಸರಿಯಿದೆಯೇ ಎಂದು ಪರೀಕ್ಷಿಸಲು ಆ ಪುಟ ನಂಬಬೇಡಿ, ಬ್ರೌಸರ್ ಪುಟವೇ ನೇರ.

ನಿಲ್ಲಿ, ಇಷ್ಟು ದೊಡ್ಡ ಅಧಿಕಾರ ನಿಜಕ್ಕೂ ಬೇಕಾ?

ಎಲ್‌ಪಿಅಡ್ಮಿನ್ ಅಂದರೆ "ಬರೀ ಪ್ರಿಂಟರ್ ತಾನೇ" ಎಂದು ಹಗುರವಾಗಿ ಕಾಣಬೇಡಿ. 2012ರಲ್ಲಿ ಒಂದು ದೋಷ ಬೆಳಕಿಗೆ ಬಂತು. ಈ ಗುಂಪಿನವರು ಬ್ರೌಸರ್ ಪುಟದಿಂದಲೇ ಕಪ್ಸ್‌ನ ಸೆಟ್ಟಿಂಗ್ ಫೈಲ್ ತಿದ್ದಬಹುದಿತ್ತು. ನಡೆದದ್ದನ್ನು ಬರೆದಿಡುವ ಲಾಗ್ ಫೈಲಿನ ಜಾಗದಲ್ಲಿ ಬೇರೆ ಯಾವುದಾದರೂ ಫೈಲಿನ ಹೆಸರು ಕೊಟ್ಟರೆ, ಕಪ್ಸ್ ರೂಟ್ ಅಧಿಕಾರದಲ್ಲಿ ಅದನ್ನು ತೆರೆದು ತೋರಿಸುತ್ತಿತ್ತು. ಪಾಸ್‌ವರ್ಡ್‌ಗಳ ಶ್ಯಾಡೊ ಫೈಲ್ ಕೂಡ ಅದಕ್ಕೆ ಹೊರತಲ್ಲ. ಆಗಲೇ ಅಪಾಯದ ಸಾಲುಗಳನ್ನೆಲ್ಲ ಕಪ್ಸ್‌ಡಿ.ಕಾನ್ಫ್ ಫೈಲಿನಿಂದ ತೆಗೆದು ಕಪ್ಸ್-ಫೈಲ್ಸ್.ಕಾನ್ಫ್ ಎಂಬ ಬೇರೆ ಫೈಲಿಗೆ ಹಾಕಿದರು. ಹಳೆಯ ಲೇಖನಗಳಲ್ಲಿ ಸಿಸ್ಟಮ್‌ಗ್ರೂಪ್ ಸಾಲು ಕಪ್ಸ್‌ಡಿ.ಕಾನ್ಫ್‌ನಲ್ಲಿದೆ ಎಂದಿದ್ದರೆ ಕಾರಣ ಇದು. ದೋಷ ಸರಿಪಡಿಸಿದ್ದಾರೆ, ನಿಜ. ಆದರೂ ಪ್ರಿಂಟರ್ ಸರ್ವರ್‌ನ ಸೆಟ್ಟಿಂಗ್ ತಿದ್ದುವ ಹಕ್ಕು ಈ ಗುಂಪಿಗೆ ಇವತ್ತಿಗೂ ಇದೆ.

ಶಾಲೆಯ ಲ್ಯಾಬ್‌ನಲ್ಲೋ ಸಣ್ಣ ಆಫೀಸಿನಲ್ಲೋ ನೋಡಿ. ಜನ ಕೇಳುವುದು ಪ್ರಿಂಟರ್ ಸೇರಿಸುವ ಹಕ್ಕನ್ನಲ್ಲ. ಪೇಪರ್ ಸಿಕ್ಕಿ ನಿಂತದ್ದನ್ನು ಮತ್ತೆ ಓಡಿಸಬೇಕು, ಯಾರೋ ತಪ್ಪಿ ಕೊಟ್ಟ 200 ಪುಟದ ಜಾಬ್ ಕಿತ್ತೆಸೆಯಬೇಕು. ಇಷ್ಟಕ್ಕೆ ಎಲ್‌ಪಿಅಡ್ಮಿನ್ ಬೇಡ.

ಮೊದಲು ಗುಂಪಿನ ಗೊಡವೆಯೇ ಇಲ್ಲದ ಉಪಾಯ ಹೇಳುತ್ತೇನೆ. ತೊಂದರೆ ಬಂದಾಗ ಏನು ಮಾಡಬೇಕು ಎಂಬುದಕ್ಕೆ ಪ್ರತಿ ಪ್ರಿಂಟರ್‌ಗೂ ಒಂದು ಎರರ್ ಪಾಲಿಸಿ ಇರುತ್ತದೆ. ಅದು ಸ್ಟಾಪ್-ಪ್ರಿಂಟರ್ ಆಗಿದ್ದರೆ ಪ್ರಿಂಟರ್ ಹೊಸ್ತಿಲಲ್ಲೇ ಕೂತುಬಿಡುತ್ತದೆ, ಅಡ್ಮಿನ್ ಬಂದು ಎಬ್ಬಿಸಬೇಕು. ರಿಟ್ರೈ-ಜಾಬ್ ಆದರೆ ಸ್ವಲ್ಪ ಹೊತ್ತು ಬಿಟ್ಟು ತಾನೇ ಮತ್ತೆ ಪ್ರಯತ್ನಿಸುತ್ತದೆ. ಬದಲಿಸುವುದು ಹೀಗೆ, ಇಲ್ಲಿ ಎಲ್‌ಪಿಅಡ್ಮಿನ್ ಎಂಬುದು ಕಮಾಂಡ್:

ಸುಡೊ ಎಲ್‌ಪಿಅಡ್ಮಿನ್ -ಪಿ ಆಫೀಸ್ -ಒ ಪ್ರಿಂಟರ್-ಎರರ್-ಪಾಲಿಸಿ=ರಿಟ್ರೈ-ಜಾಬ್

ಅರ್ಧ ದೂರು ಇದರಿಂದಲೇ ನಿಲ್ಲುತ್ತದೆ.

ಹಂತ 6: ಕೀಲಿ ಪೂರ್ತಿ ಕೊಡದೆ ಆಪರೇಟರ್ ಗುಂಪು ಮಾಡುವುದು

ಇದು ಬೇಕಾದವರಿಗೆ ಮಾತ್ರ. ಮನೆಯ ಕಂಪ್ಯೂಟರ್ ಆದರೆ ಮುಂದಿನ ಹಂತಕ್ಕೆ ಹಾರಿ.

ಮೊದಲು ಹೊಸ ಗುಂಪು ಮಾಡಿ, ಸವಿತಾರನ್ನು ಅದಕ್ಕೆ ಸೇರಿಸಿ. ಎಲ್‌ಪಿಅಡ್ಮಿನ್‌ಗೆ ಸೇರಿಸಿದ್ದರೆ ಅಲ್ಲಿಂದ ತೆಗೆಯಿರಿ, ತೆಗೆಯುವ ರೀತಿ ಹಂತ 8ರಲ್ಲಿದೆ.

ಸುಡೊ ಗ್ರೂಪ್‌ಆಡ್ ಪ್ರಿಂಟ್‌ಆಪ್ಸ್
ಸುಡೊ ಆಡ್‌ಯೂಸರ್ ಸವಿತಾ ಪ್ರಿಂಟ್‌ಆಪ್ಸ್

ಆಮೇಲೆ /ಇಟಿಸಿ/ಕಪ್ಸ್/ಕಪ್ಸ್‌ಡಿ.ಕಾನ್ಫ್ ಫೈಲಿನ ಒಂದು ನಕಲು ತೆಗೆದಿಟ್ಟುಕೊಂಡು, ಸುಡೊ ನ್ಯಾನೊ ಹಾಕಿ ಫೈಲ್ ತೆರೆಯಿರಿ. ಕೆಳಗೆ ಹೋದರೆ ಪಾಲಿಸಿ ಡಿಫಾಲ್ಟ್ ಎಂದು ಶುರುವಾಗುವ ಭಾಗ ಸಿಗುತ್ತದೆ. ಅದರೊಳಗೆ ಲಿಮಿಟ್ ಎಂಬ ಸಣ್ಣ ಸಣ್ಣ ಕಟ್ಟುಗಳಿವೆ. ಪ್ರತಿ ಕಟ್ಟಿನ ತಲೆಯ ಮೇಲೆ ಕೆಲಸಗಳ ಹೆಸರು, ಒಳಗೆ ಅದನ್ನು ಯಾರು ಮಾಡಬಹುದು ಎಂಬ ರಿಕ್ವೈರ್ ಯೂಸರ್ ಸಾಲು. ಆ ಸಾಲಿನಲ್ಲಿ @ಸಿಸ್ಟಮ್ ಎಂದಿದ್ದರೆ ಸಿಸ್ಟಮ್‌ಗ್ರೂಪ್‌ನವರು, @ಓನರ್ ಎಂದಿದ್ದರೆ ಜಾಬ್ ಕೊಟ್ಟವರು. @ ಜೊತೆ ಬೇರೆ ಹೆಸರಿದ್ದರೆ ಆ ಹೆಸರಿನ ಗುಂಪು. ಮೊದಲ ಎರಡನ್ನೂ ಪೂರ್ತಿ ದೊಡ್ಡಕ್ಷರದಲ್ಲಿ ಬರೆಯುತ್ತಾರೆ.

ಮುಟ್ಟಬೇಕಾದವು ಎರಡೇ ಕಟ್ಟು. ಪಾಜ್-ಪ್ರಿಂಟರ್, ರೆಸ್ಯೂಮ್-ಪ್ರಿಂಟರ್, ಎನೇಬಲ್-ಪ್ರಿಂಟರ್ ಎಂದು ಶುರುವಾಗುವ ಉದ್ದನೆಯದು ಒಂದು. ಅದರ ಸಾಲನ್ನು ಹೀಗೆ ಮಾಡಿ:

ರಿಕ್ವೈರ್ ಯೂಸರ್ @ಸಿಸ್ಟಮ್ @ಪ್ರಿಂಟ್‌ಆಪ್ಸ್

ಕ್ಯಾನ್ಸಲ್-ಜಾಬ್ ಎಂದು ಶುರುವಾಗುವುದು ಇನ್ನೊಂದು. ಅದನ್ನು ಹೀಗೆ:

ರಿಕ್ವೈರ್ ಯೂಸರ್ @ಓನರ್ @ಸಿಸ್ಟಮ್ @ಪ್ರಿಂಟ್‌ಆಪ್ಸ್

ಕಪ್ಸ್-ಆಡ್-ಮಾಡಿಫೈ-ಪ್ರಿಂಟರ್ ಎಂದಿರುವ ಕಟ್ಟನ್ನು ಹಾಗೇ ಬಿಡಿ. ಪ್ರಿಂಟರ್ ಸೇರಿಸುವ, ಅಳಿಸುವ ಹಕ್ಕು ಇರುವುದು ಅಲ್ಲಿ. ಕೆಳಗೆ ಆಥೆಂಟಿಕೇಟೆಡ್ ಎಂಬ ಹೆಸರಿನ ಇನ್ನೊಂದು ಪಾಲಿಸಿಯಲ್ಲೂ ಇವೇ ಕಟ್ಟುಗಳು ಕಾಣುತ್ತವೆ. ಅದನ್ನು ತಿದ್ದಿ "ಏನೂ ಬದಲಾಗಲಿಲ್ಲ" ಎಂದು ತಲೆ ಕೆರೆದುಕೊಳ್ಳುವುದು ಮಾಮೂಲು. ಡಿಫಾಲ್ಟ್ ಎಂಬ ಹೆಸರಿನದನ್ನೇ ತಿದ್ದಿದ್ದೀರಾ ನೋಡಿಕೊಳ್ಳಿ.

ಇನ್ನೂ ಒಂದು ಬಾಗಿಲಿದೆ. ಅದೇ ಫೈಲಿನ ಮೇಲ್ಭಾಗದಲ್ಲಿ ಲೊಕೇಶನ್ /ಅಡ್ಮಿನ್ ಎಂಬ ತುಂಡನ್ನು ಹುಡುಕಿ. ಹೊಸ ಆವೃತ್ತಿಗಳಲ್ಲಿ ಅದರೊಳಗೂ ರಿಕ್ವೈರ್ ಯೂಸರ್ @ಸಿಸ್ಟಮ್ ಇರಬಹುದು. ಇದ್ದರೆ ಅಲ್ಲೂ @ಪ್ರಿಂಟ್‌ಆಪ್ಸ್ ಸೇರಿಸಲೇಬೇಕು. ಪ್ರಿಂಟರ್ ಎಬ್ಬಿಸುವ ಕಮಾಂಡ್ ಆ ದಾರಿಯಲ್ಲೇ ಹೋಗುವುದು. ಹೊರಬಾಗಿಲಲ್ಲಿ ತಡೆದರೆ ಒಳಗಿನ ಅನುಮತಿ ಇದ್ದೂ ಉಪಯೋಗವಿಲ್ಲ. ಅದರ ಪಕ್ಕದ /ಅಡ್ಮಿನ್/ಕಾನ್ಫ್ ಮತ್ತು /ಅಡ್ಮಿನ್/ಲಾಗ್ ತುಂಡುಗಳಿಗೆ ಮಾತ್ರ ಕೈ ಹಾಕಬೇಡಿ. ಸೆಟ್ಟಿಂಗ್ ಫೈಲು, ಲಾಗ್ ಎರಡೂ ಅಡ್ಮಿನ್ ಕೈಯಲ್ಲೇ ಇರಲಿ.

ಉಳಿಸಿದ ಮೇಲೆ, ಮರುಚಾಲೂ ಮಾಡುವ ಮುಂಚೆ, ಫೈಲಿನಲ್ಲಿ ತಪ್ಪಿದೆಯೇ ನೋಡಿ:

ಸುಡೊ ಕಪ್ಸ್‌ಡಿ -ಟಿ

ಓಕೆ ಎಂದು ಬಂದರೆ:

ಸುಡೊ ಸಿಸ್ಟಮ್‌ಸಿಟಿಎಲ್ ರಿಸ್ಟಾರ್ಟ್ ಕಪ್ಸ್

ಈಗ ಸವಿತಾ ಲಾಗ್‌ಔಟ್ ಆಗಿ ಬಂದು, ಪ್ರಿಂಟರ್ ನಿಂತಾಗ /ಯುಎಸ್‌ಆರ್/ಎಸ್‌ಬಿನ್/ಕಪ್ಸ್‌ಎನೇಬಲ್ ಆಫೀಸ್ ಎಂದು ಹೊಡೆದರೆ ಸಾಕು. ಪಾಸ್‌ವರ್ಡ್ ಕೇಳಿದರೆ ತಮ್ಮದನ್ನೇ ಕೊಡಬೇಕು. ಬೇಡದ ಜಾಬ್ ತೆಗೆಯಲು ಎಲ್‌ಪಿಸ್ಟ್ಯಾಟ್ -ಒ ಎಂದು ಪಟ್ಟಿ ನೋಡಿ, ಅದರಲ್ಲಿರುವ ಆಫೀಸ್-47 ಎಂಬಂಥ ಹೆಸರು ಹಿಡಿದು ಕ್ಯಾನ್ಸಲ್ ಆಫೀಸ್-47 ಎಂದರಾಯಿತು.

ಹಂತ 7: ಯಾರು ಪ್ರಿಂಟ್ ಕೊಡಬಹುದು ಎಂದು ಕಟ್ಟುಹಾಕುವುದು

ಕಲರ್ ಪ್ರಿಂಟರ್ ಲೆಕ್ಕಪತ್ರ ವಿಭಾಗಕ್ಕೆ ಮಾತ್ರ ಎಂದಿದೆ ಅಂದುಕೊಳ್ಳಿ. ಆ ಗುಂಪಿನ ಹೆಸರು ಅಕೌಂಟ್ಸ್. ಕಮಾಂಡ್ ಹೀಗೆ:

ಸುಡೊ ಎಲ್‌ಪಿಅಡ್ಮಿನ್ -ಪಿ ಕಲರ್ -ಯು ಅಲೊ:@ಅಕೌಂಟ್ಸ್,ಸವಿತಾ

ವಾಪಸ್ ಎಲ್ಲರಿಗೂ ತೆರೆಯಲು ಅಲೊ:ಆಲ್ ಎಂದು ಕೊಡಿ. ಆದರೆ ಇದು ತಡಿಕೆ ಬಾಗಿಲಷ್ಟೇ ಗಟ್ಟಿ. ನೆಟ್‌ವರ್ಕ್‌ನ ಇನ್ನೊಂದು ಕಂಪ್ಯೂಟರ್‌ನಿಂದ ಬರುವ ಜಾಬ್ "ನಾನು ಸವಿತಾ" ಎಂದು ಹೇಳಿಕೊಂಡರೆ ಕಪ್ಸ್ ಸಾಮಾನ್ಯವಾಗಿ ನಂಬುತ್ತದೆ, ಪಾಸ್‌ವರ್ಡ್ ಕೇಳುವುದಿಲ್ಲ.

ಹಂತ 8: ಅನುಮತಿ ವಾಪಸ್ ತೆಗೆಯುವುದು

ಕೆಲಸ ಬಿಟ್ಟವರು, ವಿಭಾಗ ಬದಲಿಸಿದವರು ಗುಂಪಿನಲ್ಲೇ ಉಳಿದುಬಿಡುತ್ತಾರೆ. ತೆಗೆಯಲು:

ಸುಡೊ ಜಿಪಾಸ್‌ವಡ್ -ಡಿ ಸವಿತಾ ಎಲ್‌ಪಿಅಡ್ಮಿನ್

ಕಮಾಂಡ್ ಹೆಸರಿನ ಕಾಗುಣಿತ ಜಿ, ಪಿ, ಎ, ಎಸ್, ಎಸ್, ಡಬ್ಲ್ಯು, ಡಿ. ಡೆಲ್‌ಯೂಸರ್ ಸವಿತಾ ಎಲ್‌ಪಿಅಡ್ಮಿನ್ ಎಂದೂ ಮಾಡಬಹುದು, ಆದರೆ ನಾನು ಅದರ ತಂಟೆಗೆ ಹೋಗುವುದಿಲ್ಲ. ಕೊನೆಯ ಪದ ಮರೆತು ಎಂಟರ್ ಒತ್ತಿದರೆ ಗುಂಪಿನಿಂದಲ್ಲ, ಸಿಸ್ಟಮ್‌ನಿಂದಲೇ ಸವಿತಾ ಅಕೌಂಟ್ ಅಳಿಸಿಹೋಗುತ್ತದೆ. ತೆಗೆದದ್ದು ಪೂರ್ತಿ ಜಾರಿಗೆ ಬರಲೂ ಅವರು ಒಮ್ಮೆ ಲಾಗ್‌ಔಟ್ ಆಗಬೇಕು.

ಇನ್ನೂ ಆಗುತ್ತಿಲ್ಲವೇ?

/ವಾರ್/ಲಾಗ್/ಕಪ್ಸ್/ಆಕ್ಸೆಸ್_ಲಾಗ್ ಫೈಲಿನ ಕೊನೆಯ ಕೆಲವು ಸಾಲು ನೋಡಿ. ಪ್ರತಿ ಸಾಲಿನಲ್ಲೂ ಯಾರು, ಯಾವಾಗ, ಏನು ಕೇಳಿದರು ಎಂಬುದಿದೆ, ಆಮೇಲೆ ಮೂರು ಅಂಕಿಯ ಒಂದು ಸಂಖ್ಯೆ. 200 ಇದ್ದರೆ ಕೆಲಸ ಆಗಿದೆ. 401 ಬಂದು ಅದರ ಹಿಂದೆಯೇ 200 ಬಂದಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಮೊದಲು ಪಾಸ್‌ವರ್ಡ್ ಕೇಳಿತು, ಆಮೇಲೆ ಒಪ್ಪಿತು ಎಂದಷ್ಟೇ ಅರ್ಥ. ಸಾಲುಸಾಲಾಗಿ ಬರೀ 401 ಇದ್ದರೆ ಪಾಸ್‌ವರ್ಡ್ ತಪ್ಪು. 403 ಇದ್ದರೆ ಪಾಸ್‌ವರ್ಡ್ ಸರಿ, ಗುಂಪು ತಪ್ಪು, ಹಂತ 1ಕ್ಕೆ ವಾಪಸ್ ಹೋಗಿ. 426 ಕಂಡರೆ ಬೇರೆ ಕಂಪ್ಯೂಟರ್‌ನಿಂದ ಬಂದಿದ್ದೀರಿ, ವಿಳಾಸದ ಶುರುವಿಗೆ ಎಚ್‌ಟಿಟಿಪಿಎಸ್ ಹಾಕಿ. ನೀವು ಹೊಡೆದ ಹೊತ್ತಿನ ಸಾಲೇ ಅಲ್ಲಿ ಇಲ್ಲದಿದ್ದರೆ ವಿನಂತಿ ಕಪ್ಸ್‌ವರೆಗೆ ತಲುಪಿರದೇ ಇರಬಹುದು. ಕಪ್ಸ್ ಓಡುತ್ತಿದೆಯೇ ಎಂದು ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕಪ್ಸ್ ಹೊಡೆದು ನೋಡಿ. ಓಡದಿದ್ದರೆ ಅದೇ ಫೋಲ್ಡರ್‌ನ ಎರರ್_ಲಾಗ್ ತೆರೆಯಿರಿ. ಗ್ರೂಪ್, ಸಿಸ್ಟಮ್‌ಗ್ರೂಪ್ ಎರಡರಲ್ಲೂ ಒಂದೇ ಹೆಸರಿದೆ ಎಂಬ ದೂರು ಅಲ್ಲಿದ್ದರೆ, ಹಂತ 2ರ ಗುಂಡಿಗೆ ಬಿದ್ದಿದ್ದೀರಿ.